ಪೆಟ್-ಸಿಟಿ ವಿಭಾಗದಲ್ಲಿ ಟೆಕ್ನಾಲಜಿಸ್ಟ್‌ಗಳ ವಿಕಿರಣ ಡೋಸ್ ಇಳಿಸುವುದು ಹೇಗೆ? ಏಪ್ರನ್ ಸಾಕಾ?

ಕುವೆಂಪುನಗರ_ಟೆಕ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಪೆಟ್-ಸಿಟಿ ವಿಭಾಗದ ವಿಷಯ. ದಿನಕ್ಕೆ ಸರಾಸರಿ 10 ಎಫ್‌ಡಿಜಿ ಪೇಷಂಟ್ (ಎಫ್-18 ಅನ್ನೋ ವಿಕಿರಣಶೀಲ ಫ್ಲೋರಿನ್ ಸೇರಿಸಿದ ಸಕ್ಕರೆಯಂಥ ಮದ್ದು), ತಲಾ 8 ಮಿಲಿಕ್ಯೂರಿ (ವಿಕಿರಣಶೀಲತೆಯ ಅಳತೆ). ಪಕ್ಕದಲ್ಲೇ ಗಾಮಾ ಕ್ಯಾಮೆರಾ (ಹೆಚ್ಚಾಗಿ ಟೆಕ್ನಿಷಿಯಂ ಮದ್ದು ಬಳಸುವ ಸ್ಕ್ಯಾನರ್) ಕೂಡ ಇದೆ. ಎಫ್‌ಡಿಜಿ ಬೆಂಗಳೂರಿನಿಂದ ರಸ್ತೆ ಮೇಲೆ ಬರುತ್ತೆ, ಬೆಳಿಗ್ಗೆ ಎಂಟಕ್ಕೆ ಕೈಗೆ ಸಿಗುತ್ತೆ. ಪೆಟ್ ಕಡೆ ಇಬ್ಬರು ಟೆಕ್ನಾಲಜಿಸ್ಟ್, ಪೇಷಂಟ್‌ಗಳನ್ನ ಸಮವಾಗಿ ಹಂಚಿಕೊಂಡಿದ್ದೀವಿ. ಆಟೋ ಇಂಜೆಕ್ಟರ್ ಇಲ್ಲ. ಹೋದ ಕ್ವಾರ್ಟರ್‌ನಲ್ಲಿ ಎದೆಯ ಟಿಎಲ್‌ಡಿ (ಡೋಸ್ ಅಳೆಯುವ ಬ್ಯಾಡ್ಜ್) 2.1 ಮಿಲಿಸೀವರ್ಟ್ (ಮೈಗೆ ಬಿದ್ದ ಡೋಸ್‌ನ ಅಳತೆ, ಸಾವಿರ ಮೈಕ್ರೋಸೀವರ್ಟ್), ಎಡಗೈ ರಿಂಗ್ (ಬೆರಳ ಡೋಸ್ ಅಳೆಯುವ ಉಂಗುರ) 30 ಮಿಲಿಸೀವರ್ಟ್ ಬಂದಿದೆ.

ಆಡಳಿತದವರು "ಲಿಮಿಟ್ ಒಳಗೇ ಇದೆಯಲ್ಲ, ಬೇಕಾದರೆ ಇನ್ನೂ ಎರಡು ಲೆಡ್ ಏಪ್ರನ್ ತರಿಸಿಕೊಡ್ತೀವಿ" ಅಂತಾರೆ. ಏಪ್ರನ್‌ನಿಂದ ಉಪಯೋಗ ಇದೆಯಾ? ಇಲ್ಲ ಅಂದ್ರೆ ಮೊದಲು ಎಲ್ಲಿ ಕೈ ಹಾಕಬೇಕು? ದೊಡ್ಡ ಖರ್ಚಿಲ್ಲದೆ ಆಗುವಂಥದ್ದನ್ನ ಮೊದಲು ಹೇಳಿ.

—

ವಿಕಿರಣ_ಭೌತ_ಮಂಡ್ಯ:

ಮೊದಲು ಏಪ್ರನ್ ವಿಷಯ ಮುಗಿಸೋಣ. 0.5 ಮಿಮೀ ಸೀಸದ ಏಪ್ರನ್ ಟೆಕ್ನಿಷಿಯಂ-99ಎಂನ 140 ಕೆಇವಿ (ಕಿರಣದ ಶಕ್ತಿಯ ಅಳತೆ) ಗಾಮಾವನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತಡೆಯುತ್ತದೆ. ಎಫ್-18ರಿಂದ ಬರುವುದು 511 ಕೆಇವಿ. ಅದನ್ನು ಅರ್ಧಕ್ಕೆ ಇಳಿಸಲು 4ರಿಂದ 5 ಮಿಮೀ ಸೀಸ ಬೇಕು, ಹಾಗಾಗಿ 0.5 ಮಿಮೀ ತಡೆಯುವುದು ನೂರಕ್ಕೆ ಹತ್ತಕ್ಕೂ ಕಡಿಮೆ. ಆ ಭಾರ ಹೊತ್ತು ಪೇಷಂಟ್ ಪಕ್ಕದಲ್ಲಿ ಅರ್ಧ ನಿಮಿಷ ಹೆಚ್ಚು ಕಳೆದರೆ ಉಳಿಸಿದ್ದಕ್ಕಿಂತ ಜಾಸ್ತಿ ಕಳೆದುಕೊಂಡಿರಿ. ಗಾಮಾ ಕ್ಯಾಮೆರಾ ಕಡೆ ಏಪ್ರನ್ ಹಾಕಿ, ಪೆಟ್ ಕಡೆ ಬಿಡಿ. ಹಾಕುವವರು ಎದೆಯ ಬ್ಯಾಡ್ಜನ್ನು ಏಪ್ರನ್‌ನ ಒಳಗೇ ಧರಿಸಬೇಕು.

ಈಗ ನಿಮ್ಮ 2.1 ಮಿಲಿಸೀವರ್ಟ್ ಎಲ್ಲಿಂದ ಬಂತು ನೋಡೋಣ. ತಿಂಗಳಿಗೆ 25 ಕೆಲಸದ ದಿನ ಅಂದುಕೊಂಡರೆ ಕ್ವಾರ್ಟರ್‌ಗೆ 750 ಪೇಷಂಟ್, ನಿಮ್ಮ ಪಾಲು 375. ಅಂದರೆ ಒಬ್ಬ ಪೇಷಂಟ್‌ಗೆ 5.6 ಮೈಕ್ರೋಸೀವರ್ಟ್.

8 ಮಿಲಿಕ್ಯೂರಿ ಅಂದರೆ 296 ಮೆಗಾಬೆಕ್ವೆರೆಲ್. ಮದ್ದು ಒಳಗೆ ಹೋದ ಕೂಡಲೇ ಪೇಷಂಟ್‌ನಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 27 ಮೈಕ್ರೋಸೀವರ್ಟ್ ಇರುತ್ತದೆ. ಒಂದು ಗಂಟೆ ಕಳೆದು, ಮೂತ್ರಕ್ಕೆ ಹೋಗಿ ಬಂದ ಮೇಲೆ 16ರ ಆಸುಪಾಸು. ಅರ್ಧ ಮೀಟರಿಗೆ ಹೋದರೆ ನಾಲ್ಕು ಪಟ್ಟು ಆಗುವುದಿಲ್ಲ, ಯಾಕೆಂದರೆ ದೇಹ ಒಂದು ಬಿಂದುವಲ್ಲ. ಸುಮಾರು ಮೂರು ಪಟ್ಟು ಹಿಡಿಯಿರಿ. ಆ ಲೆಕ್ಕದಲ್ಲಿ ಇಂಜೆಕ್ಷನ್ ಆದ ತಕ್ಷಣ ಪಕ್ಕದಲ್ಲಿ ನಿಂತ ಒಂದು ನಿಮಿಷಕ್ಕೆ 1.4 ಮೈಕ್ರೋಸೀವರ್ಟ್, ಟೇಬಲ್ ಮೇಲೆ ಮಲಗಿಸುವಾಗಿನ ಒಂದು ನಿಮಿಷಕ್ಕೆ 0.8, ಸ್ಕ್ಯಾನ್ ಮುಗಿಸಿ ಇಳಿಸುವಾಗ 0.7.

ಇಂಜೆಕ್ಷನ್ ಆದ ಮೇಲೆ ಒಂದು ನಿಮಿಷ ಮಾತು, ಮಲಗಿಸಲು ಮೂರು ನಿಮಿಷ, ಇಳಿಸಲು ಒಂದು ನಿಮಿಷ ಹಿಡಿದರೆ ಅಲ್ಲಿಗೇ 4.5 ಆಯಿತು. ಉಳಿದ 1.1 ಹಾಟ್ ಲ್ಯಾಬ್‌ನದು (ಮದ್ದು ಸಿದ್ಧ ಮಾಡುವ ಕೋಣೆ) ಅಂದುಕೊಳ್ಳಬಹುದು. ಎಲ್ಲರೂ ಹಾಟ್ ಲ್ಯಾಬ್‌ಗೆ ಹೆದರುತ್ತಾರೆ, ಅಲ್ಲಿ ಎಲ್-ಬ್ಲಾಕ್‌ನ (ಸೀಸದ ಗಾಜಿರುವ, ಮೇಜಿನ ಮೇಲಿನ ಸೀಸದ ತಡೆ) ಹಿಂದೆ ನಿಲ್ಲುತ್ತಾರೆ. ಎದೆಯ ಬ್ಯಾಡ್ಜ್ ತುಂಬುವುದು ಮಾತ್ರ ಹೆಚ್ಚಾಗಿ ನಡೆದಾಡುವ ಪೇಷಂಟ್‌ನಿಂದ. ಅವರಿಗೆ ಸೀಸದ ಗೋಡೆ ಕಟ್ಟಲು ಆಗುವುದಿಲ್ಲ, ಅವರ ಪಕ್ಕದ ನಿಮಿಷಗಳನ್ನಷ್ಟೇ ಕತ್ತರಿಸಬಹುದು.

ಇದು ಕಾಗದದ ಮೇಲಿನ ಅಂದಾಜು. ನಿಮ್ಮಲ್ಲಿ ಯಾವ ಹಂತ ಎಷ್ಟು ತಿನ್ನುತ್ತಿದೆ ಅಂತ ತಿಳಿಯಲು ಒಂದು ಡಿಜಿಟಲ್ ಪಾಕೆಟ್ ಡೋಸಿಮೀಟರ್ ಬೇಕು. ಎರಡು ವಾರ ಅದನ್ನು ಎದೆಗೆ ಹಾಕಿಕೊಂಡು ಮದ್ದನ್ನು ಸಿರಿಂಜ್‌ಗೆ ಎಳೆದ ಮೇಲೆ, ಇಂಜೆಕ್ಷನ್ ಆದ ಮೇಲೆ, ಮಲಗಿಸಿದ ಮೇಲೆ, ಇಳಿಸಿದ ಮೇಲೆ ಓದಿ ಬರೆದಿಡಿ. ಒಂದೊಂದು ಪೇಷಂಟ್‌ಗೆ ಓದು ಒಂದೆರಡು ಮೈಕ್ರೋಸೀವರ್ಟ್ ಮಾತ್ರ ಇರುವುದರಿಂದ ದಿನದ ಮೊತ್ತ ಹಂತವಾರು ಕೂಡಿಸಿ ನೋಡಿ, ಬಿಡಿ ಓದನ್ನು ನಂಬಬೇಡಿ.

"ಲಿಮಿಟ್ ಒಳಗಿದೆ" ಎನ್ನುವ ಮಾತಿಗೆ: ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಮಿತಿ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ನಿಮ್ಮದು ವರ್ಷಕ್ಕೆ 8.4 ಆಗುತ್ತದೆ, ನಿಜ. ಆದರೆ ಮಿತಿ ಎನ್ನುವುದು ಅಲ್ಲಿಯವರೆಗೆ ಹೋಗಬಹುದು ಎಂಬ ಪರವಾನಗಿಯಲ್ಲ. ಇಳಿಸಲು ಸಾಧ್ಯವಿರುವುದನ್ನು ಇಳಿಸಲೇಬೇಕು ಎನ್ನುವುದೂ ನಿಯಮದ ಭಾಗವೇ.

ಬೆರಳಿನ ಬಗ್ಗೆ ನನಗೆ ಹೆಚ್ಚು ಚಿಂತೆ. ರಿಂಗನ್ನು ಯಾವ ಬೆರಳಿಗೆ, ಯಾವ ಕಡೆಗೆ ಮುಖ ಮಾಡಿ ಹಾಕುತ್ತೀರಿ?

—

ಕುವೆಂಪುನಗರ_ಟೆಕ್:

ಎಡಗೈ ಉಂಗುರ ಬೆರಳು ಸರ್, ಡಿಸ್ಕ್ (ಡೋಸ್ ಅಳೆಯುವ ಭಾಗ) ಹೊರಮುಖವಾಗಿ. ಬಲಗೈಯಿಂದ ಪ್ಲಂಜರ್, ಎಡಗೈಯಲ್ಲಿ ಸಿರಿಂಜ್ ಹಿಡಿಯೋದು. ಟಂಗ್‌ಸ್ಟನ್ ಶೀಲ್ಡ್ ಇದೆ. ಇಂಜೆಕ್ಷನ್‌ಗೆ ಹಾಕ್ತೀವಿ, ಎಳೆಯುವಾಗ ಹಾಕಲ್ಲ, ಗೆರೆ ಕಾಣಲ್ಲ ಅಂತ.

—

ವಿಕಿರಣ_ಭೌತ_ಮಂಡ್ಯ:

ಹಾಗಾದರೆ 30 ಎನ್ನುವುದು ನಿಜವಾದ ಅಂಕಿಗಿಂತ ಬಹಳ ಕಡಿಮೆ. ಸಿರಿಂಜ್ ಹಿಡಿಯುವ ಕೈಯಲ್ಲಿ ಹೆಚ್ಚು ಡೋಸ್ ಬೀಳುವುದು ತೋರುಬೆರಳು, ಹೆಬ್ಬೆರಳುಗಳ ತುದಿಗೆ. 2008ರಿಂದ 2011ರವರೆಗೆ ಯುರೋಪಿನಲ್ಲಿ ನಡೆದ ಒರಾಮೆಡ್ ಅಧ್ಯಯನದ ಸಲಹೆ ಇದು: ರಿಂಗನ್ನು ಬಲಗೈ ಬಳಸುವವರು ಎಡಗೈ ತೋರುಬೆರಳಿನ ಬುಡದಲ್ಲಿ, ಡಿಸ್ಕ್ ಅಂಗೈ ಕಡೆಗೆ ಇರುವಂತೆ ಹಾಕಬೇಕು. ಅಲ್ಲಿ ಬಂದ ಓದನ್ನು ಸುಮಾರು 6ರಿಂದ ಗುಣಿಸಿದರೆ ಬೆರಳ ತುದಿಯ ಅಂದಾಜು ಸಿಗುತ್ತದೆ. ಈಗಿನ ಓದನ್ನೇ ಗುಣಿಸಿದರೂ ಕ್ವಾರ್ಟರ್‌ಗೆ 180, ವರ್ಷಕ್ಕೆ 720. ಕೈಗಳಿಗೆ ವಾರ್ಷಿಕ ಮಿತಿ 500 ಮಿಲಿಸೀವರ್ಟ್. ಇದನ್ನು ಇವತ್ತೇ ನಿಮ್ಮ ಆರ್‌ಎಸ್‌ಒ (ವಿಕಿರಣ ಸುರಕ್ಷತಾ ಅಧಿಕಾರಿ) ಗಮನಕ್ಕೆ ಬರಹದಲ್ಲಿ ತನ್ನಿ. ರಿಂಗ್ ಗ್ಲೌಸಿನ ಒಳಗಿರಲಿ, ಇಲ್ಲದಿದ್ದರೆ ಗ್ಲೌಸ್ ಮೇಲಿನ ಒಂದು ಹನಿ ಇಡೀ ಕ್ವಾರ್ಟರ್‌ನ ಓದನ್ನು ಕೆಡಿಸುತ್ತದೆ.

ಎಳೆಯುವಾಗ ಶೀಲ್ಡ್ ಇಲ್ಲದಿರುವುದೇ ಕಾರಣ ಎನ್ನಲು ಹೆಚ್ಚು ಲೆಕ್ಕ ಬೇಕಿಲ್ಲ. 8 ಮಿಲಿಕ್ಯೂರಿ ಎಫ್-18 ಇರುವ ಬರಿ ಪ್ಲಾಸ್ಟಿಕ್ ಸಿರಿಂಜಿನ ಮದ್ದಿರುವ ಭಾಗವನ್ನು ಬೆರಳಲ್ಲಿ ಒತ್ತಿ ಹಿಡಿದರೆ ಸೆಕೆಂಡಿಗೆ 0.2 ಮಿಲಿಸೀವರ್ಟ್‌ಗಿಂತ ಹೆಚ್ಚು. ಹತ್ತು ಸೆಕೆಂಡಿಗೆ 2 ಮಿಲಿಸೀವರ್ಟ್. ದಿನಕ್ಕೊಮ್ಮೆ ಹಾಗಾದರೂ ವರ್ಷದ ಮಿತಿ ಮುಗಿದ ಹಾಗೆ. ಗಾಮಾದ ಜೊತೆಗೆ ಸಿರಿಂಜಿನ ಗೋಡೆ ದಾಟಿ ಬರುವ ಪಾಸಿಟ್ರಾನ್‌ಗಳೂ (ಎಫ್-18 ಹೊರಸೂಸುವ ಕಣಗಳು) ಚರ್ಮಕ್ಕೆ ತಾಗುತ್ತವೆ. 5 ಮಿಮೀ ಟಂಗ್‌ಸ್ಟನ್ ಗಾಮಾವನ್ನು ಸುಮಾರು ಮೂರನೇ ಒಂದಕ್ಕೆ ಇಳಿಸುತ್ತದೆ, ಪಾಸಿಟ್ರಾನ್‌ಗಳನ್ನು ಪೂರ್ತಿ ನಿಲ್ಲಿಸುತ್ತದೆ, ಬೆರಳನ್ನು ಕೆಲವು ಮಿಲಿಮೀಟರ್ ದೂರವೂ ಇಡುತ್ತದೆ. ಆ ದೂರದ ಬೆಲೆ ದೊಡ್ಡದು. ಅದೇ ಅಧ್ಯಯನ ಎಫ್-18ಕ್ಕೆ ಕನಿಷ್ಠ 5 ಮಿಮೀ, ಟೆಕ್ನಿಷಿಯಂಗೆ ಕನಿಷ್ಠ 2 ಮಿಮೀ ಟಂಗ್‌ಸ್ಟನ್ ಎಂದಿದೆ. ಗಾಮಾ ಕ್ಯಾಮೆರಾದ ತೆಳು ಶೀಲ್ಡನ್ನು ಪೆಟ್‌ಗೆ ತಂದು ಬಳಸುತ್ತಿಲ್ಲ ತಾನೇ? ಪರೀಕ್ಷಿಸಿ.

—

ಹಾಟ್‌ಲ್ಯಾಬ್_ಮೈಸೂರು:

ಗೆರೆ ಕಾಣಲ್ಲ ಅನ್ನೋ ಸಮಸ್ಯೆಗೆ ದಾರಿ ಇದೆ. ಲೆಡ್ ಗ್ಲಾಸ್ ಕಿಟಕಿ ಇರುವ ಶೀಲ್ಡ್ ಬರುತ್ತೆ. ಕಿಟಕಿ ಬೆರಳ ಕಡೆಗಲ್ಲ, ಎಲ್-ಬ್ಲಾಕ್‌ನ ಗಾಜಿನ ಕಡೆಗೆ ತಿರುಗಿರಬೇಕು, ಹಿಂದೆ ಸಣ್ಣ ದೀಪ ಇಟ್ಟರೆ ಗೆರೆ ಚೆನ್ನಾಗಿ ಕಾಣುತ್ತೆ.

ಇನ್ನೊಂದು, ಬೆಳಗಿನ ಮೊದಲ ಡೋಸ್‌ಗಳೇ ಯಾಕೆ ಕಷ್ಟ ಅಂತ ಲೆಕ್ಕ ಹಾಕಿ. ಎಫ್-18 ಅರ್ಧಾಯು (ಅರ್ಧಕ್ಕೆ ಇಳಿಯುವ ಹೊತ್ತು) 110 ನಿಮಿಷ. 30 ನಿಮಿಷಕ್ಕೊಬ್ಬರಂತೆ 10 ಜನಕ್ಕೆ 8 ಮಿಲಿಕ್ಯೂರಿ ಕೊಡಬೇಕಾದರೆ ಮೊದಲ ಇಂಜೆಕ್ಷನ್ ಹೊತ್ತಿಗೆ ವೈಯಲ್‌ನಲ್ಲಿ ಸುಮಾರು 216 ಮಿಲಿಕ್ಯೂರಿ ಇರಬೇಕು. ಅದು 10 ಎಂಎಲ್‌ನಲ್ಲಿ ಬಂದಿದ್ದರೆ ಮೊದಲ ಪೇಷಂಟ್‌ಗೆ ಬೇಕಾಗೋದು 0.37 ಎಂಎಲ್, ಹತ್ತನೆಯವರಿಗೆ 2 ಎಂಎಲ್. ಆ 0.37 ಎಳೆಯೋಕೆ ಹೋಗಿ ಜಾಸ್ತಿ ಬರುತ್ತೆ, ಕ್ಯಾಲಿಬ್ರೇಟರ್‌ಗೆ (ಆಕ್ಟಿವಿಟಿ, ಅಂದರೆ ಎಷ್ಟು ಮಿಲಿಕ್ಯೂರಿ ಅಂತ ಅಳೆಯುವ ಯಂತ್ರ) ಹಾಕಿ ನೋಡ್ತೀವಿ, ವಾಪಸ್ ಬಿಡ್ತೀವಿ, ಮತ್ತೆ ಕಡಿಮೆ ಆಗುತ್ತೆ. ಪ್ರತಿ ಸಲ ಸಿರಿಂಜ್ ಶೀಲ್ಡ್‌ನಿಂದ ಹೊರಗೆ. ಬೆರಳ ಡೋಸ್‌ನ ಬಹುಪಾಲು ಈ ಓಡಾಟದಲ್ಲೇ ಇರೋದು.

ಇದಕ್ಕೆ: ವೈಯಲ್ ಬಂದ ಕೂಡಲೇ ಒಟ್ಟು ಆಕ್ಟಿವಿಟಿ, ಹೊತ್ತು, ಎಂಎಲ್ ಬರೆದು ಪ್ರತಿ 10 ನಿಮಿಷಕ್ಕೆ ಎಷ್ಟು ಎಂಎಲ್ ಎಳೆಯಬೇಕು ಅನ್ನೋ ಪಟ್ಟಿ ಎಕ್ಸೆಲ್‌ನಲ್ಲಿ ತಯಾರು ಮಾಡಿ ಗಾಜಿನ ಪಕ್ಕ ಅಂಟಿಸಿ. ಸಿರಿಂಜ್‌ಗೆ ಮೊದಲೇ 0.5 ಎಂಎಲ್ ಸಲೈನ್ ಎಳೆದಿಟ್ಟು ಅದರ ಮೇಲೆ ಮದ್ದು ಎಳೆಯಿರಿ. ಸೂಜಿ ಮತ್ತು ಹಬ್‌ನಲ್ಲಿ ಉಳಿಯುವ ಹನಿ 0.37ರಲ್ಲಿ ದೊಡ್ಡ ಪಾಲು, ಸಲೈನ್ ಇದ್ದರೆ ಆ ನಷ್ಟ ಕಡಿಮೆ ಆಗುತ್ತೆ. ವೈಯಲ್ ಒಳಗೆ ಮಾತ್ರ ಸಲೈನ್ ಹೋಗಬಾರದು, ಪಟ್ಟಿಯೇ ಸುಳ್ಳಾಗುತ್ತೆ. ಎಷ್ಟು ವ್ಯತ್ಯಾಸ ಒಪ್ಪಬಹುದು ಅಂತ ಡಾಕ್ಟರ್ ಹತ್ತಿರ ಮೊದಲೇ ಬರೆಸಿಕೊಳ್ಳಿ, ಶೇಕಡಾ 10 ಅಂದರೆ 7.2ರಿಂದ 8.8. 7.6 ಬಂದಾಗ ಎಂಟು ಮಾಡೋಕೆ ಮತ್ತೆ ಕೈ ಹಾಕೋದು ಬೇಡ. ಕ್ಯಾಲಿಬ್ರೇಟರ್‌ಗೆ ಇಳಿಸುವಾಗ ಸಿರಿಂಜನ್ನ ಉದ್ದ ಇಕ್ಕಳದಲ್ಲಿ ಪ್ಲಂಜರ್ ತುದಿಯಲ್ಲಿ ಹಿಡಿಯಿರಿ.

ಹೊಸಬರಿಗೆ ಈ ಇಡೀ ಕ್ರಮವನ್ನ ಬಣ್ಣದ ಸಲೈನ್‌ನಲ್ಲಿ ಅಭ್ಯಾಸ ಮಾಡಿಸಿ. ಇಕ್ಕಳ ಮೊದಮೊದಲು ನಿಧಾನ ಮಾಡುತ್ತೆ, ಅಷ್ಟಕ್ಕೇ ಬೇಸತ್ತು ಬರಿಗೈಗೆ ಮರಳುವವರೇ ಜಾಸ್ತಿ. ಸ್ಟಾಪ್‌ವಾಚ್ ಹಿಡಿದು ಕೈ ಪಳಗುವ ತನಕ ನಿಜವಾದ ಮದ್ದಿನ ವೈಯಲ್ ಕೊಡಬಾರದು.

ವೈಯಲ್ ಪಾಟ್ 30 ಮಿಮೀ ಸೀಸದ್ದಾಗಿರಲಿ. ತೆರೆದ 216 ಮಿಲಿಕ್ಯೂರಿ ವೈಯಲ್‌ನಿಂದ ಅರ್ಧ ಮೀಟರಿನಲ್ಲಿ ಗಂಟೆಗೆ 4.5 ಮಿಲಿಸೀವರ್ಟ್ ಇದ್ದರೆ ಆ ಪಾಟ್ ಅದನ್ನ 70 ಮೈಕ್ರೋಸೀವರ್ಟ್ ಆಸುಪಾಸಿಗೆ ತರುತ್ತೆ. ಪಾಟ್‌ನ ಮುಚ್ಚಳ ತೆಗೆದಿಟ್ಟು ಫೋನ್ ಎತ್ತಿಕೊಳ್ಳೋದು, ಲೇಬಲ್ ಬರೆಯೋದು ಎರಡೂ ಬೇಡ, ಬರವಣಿಗೆ ಎಲ್ಲ ಮುಂಚೆಯೇ ಮುಗಿದಿರಬೇಕು.

ಅಪಾಯಿಂಟ್‌ಮೆಂಟ್ ಅಂತರ 30ರಿಂದ 20 ನಿಮಿಷಕ್ಕೆ ಇಳಿಸೋಕೆ ನಿಮ್ಮ ಸ್ಕ್ಯಾನರ್ ಮತ್ತು ಕಾಯುವ ಕೋಣೆಗಳು ಒಪ್ಪಿದರೆ, ಅದೇ 10 ಜನಕ್ಕೆ 216ರ ಬದಲು 150 ಮಿಲಿಕ್ಯೂರಿ ಸಾಕು. ಒಂದು ರೂಪಾಯಿ ಖರ್ಚಿಲ್ಲದೆ ಹಾಟ್ ಲ್ಯಾಬ್‌ನ ಮೂಲವೇ ಶೇಕಡಾ 30ರಷ್ಟು ಕಡಿಮೆ.

—

ಸಿಸ್ಟರ್_ಸರಸ್ವತಿಪುರಂ:

ಪೇಷಂಟ್ ಪಕ್ಕದ ನಿಮಿಷಗಳ ಬಗ್ಗೆ ನರ್ಸಿಂಗ್ ಕಡೆಯಿಂದ ಹೇಳ್ತೀನಿ. ನಿಯಮ ಒಂದೇ: ಮದ್ದು ಹೋದ ಮೇಲೆ ಮಾಡುವ ಕೆಲಸದಲ್ಲಿ ಮುಂಚೆ ಮಾಡಬಹುದಾದ್ದೆಲ್ಲ ಮುಂಚೆಯೇ ಆಗಿರಬೇಕು.

ಹೆಸರು, ತೂಕ, ಶುಗರ್, ಒಪ್ಪಿಗೆ ಸಹಿ, ಬಟ್ಟೆ ಬದಲಾವಣೆ ಎಲ್ಲ ಮೊದಲು. ಸರ, ಬಳೆ, ಮೊಬೈಲ್, ಕಟ್ಟಿಸಿದ ಹಲ್ಲಿನ ಸೆಟ್ ತೆಗೆಸೋದೂ ಆಗಲೇ. ತಾಳಿ ತೆಗೆಯೋಕೆ ಹಿಂಜರಿಯುವ ಅಮ್ಮಂದಿರ ಜೊತೆ ನಿಧಾನವಾಗಿ ಮಾತಾಡಬೇಕಾಗುತ್ತೆ. ಆ ಐದು ನಿಮಿಷ ಇಂಜೆಕ್ಷನ್‌ಗೆ ಮುಂಚೆ ಆದರೆ ಯಾರಿಗೂ ತೊಂದರೆ ಇಲ್ಲ, ಸ್ಕ್ಯಾನರ್ ಪಕ್ಕ ಆದರೆ ನಾಲ್ಕು ಮೈಕ್ರೋಸೀವರ್ಟ್ ನಿಮ್ಮ ಬ್ಯಾಡ್ಜ್‌ಗೆ. ಸ್ಕ್ಯಾನರ್ ಟೇಬಲ್ ತೋರಿಸಿ, ಕೈ ಮೇಲೆತ್ತಿ ಮಲಗೋದು ಹೇಗೆ ಅಂತ ಒಮ್ಮೆ ಮಾಡಿಸಿ. ಭುಜ ನೋವಿದ್ದರೆ ಅಲ್ಲೇ ಗೊತ್ತಾಗುತ್ತೆ, ದಿಂಬು ಎಲ್ಲಿಡಬೇಕು ಅಂತ ತೀರ್ಮಾನ ಆಗಿರುತ್ತೆ. ಹೀಗೆ ಮಾಡಿದರೆ ಮೂರು ನಿಮಿಷದ ಕೆಲಸ ಒಂದು ನಿಮಿಷಕ್ಕೆ ಇಳಿಯುತ್ತೆ.

ಕ್ಯಾನುಲಾ ಹಾಕಿ, ತ್ರೀ-ವೇ (ಮೂರು ಬಾಯಿಯ ಕವಾಟ) ಮತ್ತು ಉದ್ದದ ಎಕ್ಸ್‌ಟೆನ್ಷನ್ ಟ್ಯೂಬ್ ಸೇರಿಸಿ, ಸಲೈನ್ ಬಿಟ್ಟು ರಕ್ತನಾಳದಲ್ಲೇ ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಶೀಲ್ಡ್ ಸಿರಿಂಜ್ ಒಳಗೆ ಬರಲಿ. ಸೂಜಿ ಸಿಗದೆ ಹುಡುಕಾಡುವಾಗ ಮದ್ದಿನ ಸಿರಿಂಜ್ ಟ್ರೇಯಲ್ಲಿ ಕಾಯ್ತಾ ಇರಬಾರದು. ಮದ್ದು ಒಳಗೆ ಹೋದಮೇಲೆ ಇನ್ನೊಂದು ಬಾಯಿಯ 10 ಎಂಎಲ್ ಸಲೈನ್‌ನಿಂದ ಸಿರಿಂಜನ್ನೂ ಎರಡು ಸಲ ತೊಳೆದು ಒಳಗೆ ಬಿಡಿ. ಲೂಯರ್-ಲಾಕ್ (ತಿರುಗಿಸಿ ಬಿಗಿಯುವ) ಸಿರಿಂಜೇ ಬಳಸಿ: ತ್ರೀ-ವೇ ತಪ್ಪು ದಿಕ್ಕಿನಲ್ಲಿದ್ದು ಒತ್ತಿದರೆ ಸುಮ್ಮನೆ ಸಿಕ್ಕಿಸಿದ ಸಿರಿಂಜ್ ಕಳಚಿ ಮುಖಕ್ಕೇ ಚಿಮ್ಮುತ್ತೆ. ಕ್ಯಾನುಲಾ ಆಗಲೇ ಕೀಳಬೇಡಿ. ಸ್ಕ್ಯಾನ್ ಮುಗಿದ ಮೇಲೆ ತೆಗೆದರೆ ಅದೇ ಒಂದು ನಿಮಿಷದ ಬೆಲೆ ಅರ್ಧಕ್ಕೆ ಇಳಿದಿರುತ್ತೆ.

ಇಂಜೆಕ್ಷನ್ ಕೊಡುವ ಜಾಗ ಮತ್ತು ವಿಶ್ರಾಂತಿ ಕೋಣೆ ಒಂದೇ ಆಗಿರಲಿ, ಮದ್ದು ಕೊಟ್ಟು ಆಮೇಲೆ ಕೈ ಹಿಡಿದು ಕರೆದೊಯ್ಯೋದು ಶುದ್ಧ ನಷ್ಟ. ಒಳಗೆ ಕ್ಯಾಮೆರಾ, ಇಂಟರ್‌ಕಾಮ್ ಇರಲಿ. "ಒಂದು ಗಂಟೆ ಮಾತಾಡದೆ ಮಲಗಿರಿ, ಮೈಕಲ್ಲಿ ಕರೆದಾಗ ಬಾತ್‌ರೂಮಿಗೆ ಹೋಗಿ ನೀವೇ ಬಾಗಿಲ ಹತ್ತಿರ ಬನ್ನಿ" ಅಂತ ಮುಂಚೆಯೇ ಹೇಳಿ, ಕನ್ನಡದಲ್ಲಿ ದೊಡ್ಡ ಅಕ್ಷರದ ಬೋರ್ಡೂ ಹಾಕಿ. ನಾಗಮಂಗಲ, ಮಳವಳ್ಳಿ ಕಡೆಯಿಂದ ವಯಸ್ಸಾದವರನ್ನ ಕರೆತರುವ ಮನೆಯವರು ಪಕ್ಕದಲ್ಲೇ ಕೂರ್ತೀವಿ ಅಂತಾರೆ, ಯಾಕೆ ಬೇಡ ಅಂತ ಅವರಿಗೂ ಇಂಜೆಕ್ಷನ್‌ಗೆ ಮುಂಚೆ ವಿವರಿಸಿದರೆ ಒಪ್ಪುತ್ತಾರೆ.

ನಡೆಯಲಾಗದವರಿಗೆ ವೀಲ್‌ಚೇರ್ ತಳ್ಳುವಾಗ ಕೈ ಪೂರ್ತಿ ಚಾಚಿ ಹಿಂದಿನಿಂದ ತಳ್ಳಿ, ಬಾಗಿ ಮಾತಾಡಬೇಡಿ. ಕ್ಯಾಥೆಟರ್ ಇದ್ದರೆ ಚೀಲವನ್ನ ಇಂಜೆಕ್ಷನ್‌ಗೆ ಮುಂಚೆ ಖಾಲಿ ಮಾಡಿ, ಮಲಗಿಸುವಾಗ ನೀವು ನಿಲ್ಲುವ ಬದಿಗೆ ನೇತು ಹಾಕಬೇಡಿ.

ಹೌಸ್‌ಕೀಪಿಂಗ್‌ನವರನ್ನ ಮರೆಯಬೇಡಿ ದಯವಿಟ್ಟು. ಪೇಷಂಟ್ ಟಾಯ್ಲೆಟ್ ತೊಳೆಯುವವರಿಗೆ ಏನೂ ಹೇಳದೆ ಒಳಗೆ ಕಳಿಸೋದು ಎಷ್ಟೋ ಕಡೆ ನಡೆಯುತ್ತೆ. ಅವರಿಗೂ ತರಬೇತಿ ಬೇಕು. ಆ ಟಾಯ್ಲೆಟ್ ತೊಳೆಯೋದು ಮರುದಿನ ಬೆಳಿಗ್ಗೆ, ಮೊದಲ ಇಂಜೆಕ್ಷನ್‌ಗೆ ಮುಂಚೆ ಅಂತ ಹೊತ್ತು ಗೊತ್ತು ಮಾಡಿ.

—

ವಿಕಿರಣ_ಭೌತ_ಮಂಡ್ಯ:

ಸಿಸ್ಟರ್ ಹೇಳಿದ್ದನ್ನು ಲೆಕ್ಕಕ್ಕೆ ಇಳಿಸಿದರೆ: ಇಂಜೆಕ್ಷನ್ ನಂತರದ 1.4 ಅರ್ಧ ನಿಮಿಷಕ್ಕೆ ಇಳಿದು 0.7, ಮಲಗಿಸುವ 2.4 ಒಂದು ನಿಮಿಷವಾಗಿ 0.8, ಇಳಿಸುವುದು 0.3, ಹಾಟ್ ಲ್ಯಾಬ್ 0.8. ಒಟ್ಟು 5.6 ಇದ್ದದ್ದು 2.6.

ಇನ್ನೊಂದು ದಾರಿ ಡಾಕ್ಟರ್ ಕೈಯಲ್ಲಿದೆ. ಯುರೋಪಿನ ಇಎಎನ್‌ಎಂ (ನ್ಯೂಕ್ಲಿಯರ್ ಮೆಡಿಸಿನ್ ಸಂಘ) ಮಾರ್ಗಸೂಚಿಯಂತೆ, ಬೆಡ್‌ಗಳ (ಸ್ಕ್ಯಾನ್ ವೇಳೆ ಟೇಬಲ್ ನಿಲ್ಲುವ ಒಂದೊಂದು ಸ್ಥಾನ) ಓವರ್‌ಲ್ಯಾಪ್ ಶೇಕಡಾ 30ಕ್ಕಿಂತ ಹೆಚ್ಚಿರುವ ಸ್ಕ್ಯಾನರ್‌ನಲ್ಲಿ ಕೆಜಿಗೆ ಕೊಡುವ ಮೆಗಾಬೆಕ್ವೆರೆಲ್ ಮತ್ತು ಬೆಡ್‌ಗೆ ಕೊಡುವ ನಿಮಿಷ ಗುಣಿಸಿದರೆ 7 ಬಂದರೆ ಸಾಕು. ಬೆಡ್‌ಗೆ 2 ನಿಮಿಷ ಅಂದರೆ ಕೆಜಿಗೆ 3.5, 60 ಕೆಜಿ ಪೇಷಂಟ್‌ಗೆ 210 ಮೆಗಾಬೆಕ್ವೆರೆಲ್, ಅಂದರೆ 5.7 ಮಿಲಿಕ್ಯೂರಿ. ಎಲ್ಲರಿಗೂ ಕಣ್ಣು ಮುಚ್ಚಿ 8 ಕೊಡುವುದರ ಬದಲು ತೂಕ ನೋಡಿ ಕೊಟ್ಟರೆ ಪೇಷಂಟ್‌ಗೂ ನಿಮಗೂ ಕಡಿಮೆ. ಓವರ್‌ಲ್ಯಾಪ್ ಕಡಿಮೆ ಇರುವ ಹಳೆಯ ಯಂತ್ರಕ್ಕೆ ಆ ಗುಣಲಬ್ಧ 14, ಅಲ್ಲಿ ಇಷ್ಟು ಇಳಿಸಲಾಗದು. ಚಿತ್ರದ ಗುಣಮಟ್ಟ ನೋಡಿ ಡಾಕ್ಟರೇ ನಿರ್ಧರಿಸಲಿ.

ಏಪ್ರನ್‌ಗೆ ಇಟ್ಟ ದುಡ್ಡಿದ್ದರೆ ಅದರಲ್ಲಿ ಪಾಕೆಟ್ ಡೋಸಿಮೀಟರ್ ಮತ್ತು ಎರಡನೇ 5 ಮಿಮೀ ಶೀಲ್ಡ್ ತರಿಸಿ. ಅದಾದ ಮೇಲೆ ಚಕ್ರದ ಸೀಸದ ಅಡ್ಡತಡೆ. 25 ಮಿಮೀ ಇದ್ದರೆ 511 ಕೆಇವಿ ಮೂವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ಚದರ ಮೀಟರಿಗೆ 280 ಕೆಜಿಗಿಂತ ಹೆಚ್ಚು ತೂಗುತ್ತದೆ. ತಳ್ಳಲಾಗದೆ ಮೂಲೆಯಲ್ಲಿ ನಿಂತುಬಿಡುವ ಅಡ್ಡತಡೆಗಳೇ ಹೆಚ್ಚು, ಹಾಗಾಗಿ ಅಳತೆ ಚಿಕ್ಕದಿಟ್ಟು ಇಂಜೆಕ್ಷನ್ ಕುರ್ಚಿಯ ಪಕ್ಕ ಕಾಯಂ ನಿಲ್ಲಿಸುವುದೇ ಸರಿ.

—

ಕುವೆಂಪುನಗರ_ಟೆಕ್:

ತುಂಬಾ ಉಪಕಾರ ಎಲ್ಲರಿಗೂ. ಎರಡು ಪ್ರಶ್ನೆ ಉಳಿದಿವೆ. ಎಫ್-18 ನೆಲಕ್ಕೆ ಚೆಲ್ಲಿದರೆ ಒರೆಸೋಕೆ ಹೋಗಬೇಕಾ? ಗಾಮಾ ಕ್ಯಾಮೆರಾ ಕಡೆಯ ಸಹೋದ್ಯೋಗಿ ಗರ್ಭಿಣಿ ಅಂತ ತಿಳಿಸಿದ್ದಾರೆ, ಅವರನ್ನ ಕೆಲಸದಿಂದ ಪೂರ್ತಿ ಬಿಡಿಸಬೇಕಾ?

—

ಹಾಟ್‌ಲ್ಯಾಬ್_ಮೈಸೂರು:

ಚೆಲ್ಲಿದ್ದರ ಮೇಲೆ ಹೀರುವ ಹಾಳೆ ಹಾಕಿ, ಅಂಚಿಗೆ ಗುರುತು ಮಾಡಿ, ಚಪ್ಪಲಿ ಅಡಿ ವಿಕಿರಣ ಮೀಟರ್ ಹಿಡಿದು ನೋಡಿ. ಆ ಜಾಗ ಇಲ್ಲದೆ ಕೆಲಸ ನಡೆಯುತ್ತೆ ಅಂದರೆ ಬೀಗ ಹಾಕಿ ಬಿಡಿ. ಹತ್ತು ಅರ್ಧಾಯು ಅಂದರೆ 18 ಗಂಟೆ ಚಿಲ್ಲರೆ, ಮರುದಿನ ಬೆಳಿಗ್ಗೆಗೆ ಸಾವಿರದಲ್ಲಿ ಒಂದು ಪಾಲು. ಓಡಾಡುವ ದಾರಿಯೇ ಆಗಿದ್ದರೆ ಎರಡು ಜೊತೆ ಗ್ಲೌಸ್ ಹಾಕಿ ಹೊರ ಅಂಚಿನಿಂದ ಒಳಕ್ಕೆ ಒರೆಸಿ. ಕೈಗೆ ತಾಗಿದರೆ ಉಗುರುಬೆಚ್ಚಗಿನ ನೀರು, ಮೆದು ಸೋಪು. ಬ್ರಷ್‌ನಿಂದ ಉಜ್ಜಿ ಚರ್ಮ ಕೆರೆದರೆ ಒಳಗೆ ಹೋಗುತ್ತೆ. ಟೆಕ್ನಿಷಿಯಂ ಕಸ 60 ಗಂಟೆ ಕಾಯಬೇಕು, ಅಯೋಡಿನ್-131 ಕಸ 80 ದಿನ. ಮೂರನ್ನೂ ಒಂದೇ ಡಬ್ಬಿಗೆ ಹಾಕಿದರೆ ಎಲ್ಲವೂ 80 ದಿನ ಕೂರುತ್ತೆ.

—

ವಿಕಿರಣ_ಭೌತ_ಮಂಡ್ಯ:

ಬಿಡಿಸಬೇಕಿಲ್ಲ, ಬಿಡಿಸಲೂಬಾರದು. ತಿಳಿಸಿದ ದಿನದಿಂದ ಹೆರಿಗೆವರೆಗೆ ಮಗುವಿಗೆ 1 ಮಿಲಿಸೀವರ್ಟ್ ಮೀರದಂತೆ ಕೆಲಸ ಹಂಚಬೇಕು, ಅಷ್ಟೇ. ಜನರೇಟರ್ ಎಲ್ಯೂಷನ್ (ಜನರೇಟರ್‌ನಿಂದ ಟೆಕ್ನಿಷಿಯಂ ತೆಗೆಯುವುದು), ಕಿಟ್ ತಯಾರಿ, ಇಂಜೆಕ್ಷನ್, ಅಯೋಡಿನ್-131, ಚೆಲ್ಲಿದ್ದನ್ನು ಒರೆಸುವುದು ಇವಿಷ್ಟು ಅವರಿಗೆ ಬೇಡ, ಪೆಟ್ ಕಡೆಗೂ ಬೇಡ. ಇಂಜೆಕ್ಷನ್‌ಗೆ ಮುಂಚಿನ ವಿವರಣೆ, ಕ್ಯಾನುಲಾ, ಚಿತ್ರ ಸಂಸ್ಕರಣೆ, ಅಪಾಯಿಂಟ್‌ಮೆಂಟ್ ಕೊಡಬಹುದು. ಹೊಟ್ಟೆಯ ಮಟ್ಟದಲ್ಲಿ ಒಂದು ಪಾಕೆಟ್ ಡೋಸಿಮೀಟರ್ ಕೊಟ್ಟು ವಾರಕ್ಕೊಮ್ಮೆ ಓದಿ ಅವರಿಗೇ ತೋರಿಸಿ. ಮೂರು ತಿಂಗಳ ಟಿಎಲ್‌ಡಿ ವರದಿ ಬರುವ ತನಕ ಕಾಯುವ ವಿಷಯ ಅಲ್ಲ ಇದು. ಅವರ ಟಿಎಲ್‌ಡಿ, ನಿಮ್ಮದು, ಕಂಟ್ರೋಲ್ ಬ್ಯಾಡ್ಜ್ (ಯಾರೂ ಧರಿಸದೆ ಹೋಲಿಕೆಗೆ ಇಡುವುದು) ಎಲ್ಲವೂ ರಾತ್ರಿ ಹಾಟ್ ಲ್ಯಾಬ್‌ನಿಂದ ದೂರದ ಕೋಣೆಯಲ್ಲಿರಲಿ. ಇಂಜೆಕ್ಷನ್ ಕೋಣೆಯ ಗೂಟಕ್ಕೆ ನೇತು ಹಾಕಿದ ಕೋಟಿನಲ್ಲಿ ಬ್ಯಾಡ್ಜ್ ಉಳಿದರೆ ಯಾರೂ ಪಡೆಯದ ಡೋಸ್ ಅವರ ಹೆಸರಿಗೆ ಬರೆದಿರುತ್ತದೆ, ಕಂಟ್ರೋಲ್ ಬ್ಯಾಡ್ಜ್ ಉಳಿದರೆ ಎಲ್ಲರ ಡೋಸ್‌ನಿಂದಲೂ ಅಷ್ಟು ಕಳೆದುಹೋಗುತ್ತದೆ.